ಮಧ್ಯಾಹ್ನ ಹಾಡದ ಕೌಂಟರ್‌ಟೆನರ್: ನಮ್ಮ ಬರೋಕ್ ಟೂರ್ ಅನುಭವ

ಬರೋಕ್ (ಯುರೋಪಿನ 17-18ನೇ ಶತಮಾನದ ಸಂಗೀತ) ಟೂರ್‌ನಲ್ಲಿ ಮಧ್ಯಾಹ್ನದ ರಿಹರ್ಸಲ್‌ಗೆ ನಮ್ಮ ಸಿಂಗರ್ (ಕೌಂಟರ್‌ಟೆನರ್, ಅಂದ್ರೆ ಹೆಣ್ಣು ಧ್ವನಿಯ ಎತ್ತರದಲ್ಲಿ ಹಾಡೋ ಗಂಡಸು) ಹಾಡೋದೇ ಬೇಡ, ಅವ್ರ ಹಾಡಿನ ಸಾಲನ್ನ ಓಬೋ (ಶಹನಾಯಿ ತರದ ಊದೋ ವಾದ್ಯ) ನುಡಿಸ್ಲಿ ಅಂತ ನಾನು ಹೇಳಿದಾಗ ನಮ್ಮ ಗುಂಪಲ್ಲೇ ಅರ್ಧ ಜನ ಆಗಲ್ಲ ಅಂತ ತಲೆ ಆಡಿಸಿಬಿಟ್ರು, ಹೊರಗಿನವ್ರಂತೂ ಎರಡನೇ ಊರಿಗೇ ಬ್ಯಾಲೆನ್ಸ್ (ಹಾಡು, ವಾದ್ಯಗಳ ಜೋರಿನ ಹೊಂದಾಣಿಕೆ) ಹಾಳಾಗಿ ವಾಪಸ್ ಬರ್ತೀರಾ ಅಂದ್ರು. ಈ ಸಲ ಕೊನೇ ಊರಿನ ರೆಕಾರ್ಡಿಂಗ್ ಮೊದಲನೇದಕ್ಕಿಂತ ಚೆನ್ನಾಗಿದೆ, ಎರಡನ್ನೂ ಪಕ್ಕಪಕ್ಕ ಹಾಕ್ಕೊಂಡು ಕೇಳಿದೀನಿ, ಕೊನೇ ದಿನ ಮೇಲಿನ ಸ್ವರಗಳು ಇನ್ನೂ ಸಲೀಸಾಗಿವೆ. ಟೂರ್ ಅಂದ್ಮೇಲೆ ಇದು ಉಲ್ಟಾ ಇರತ್ತೆ ಅಂತ ಈ ಕೆಲಸ ಮಾಡಿದವ್ರಿಗೆ ಗೊತ್ತು.

ನಾನು ಜರ್ಮನಿಯ ಕಲೋನ್‌ನಲ್ಲಿದೀನಿ, ಹಾರ್ಪ್ಸಿಕಾರ್ಡ್ (ತಂತಿ ಮೀಟೋ ಹಳೇ ಕೀಬೋರ್ಡ್ ವಾದ್ಯ) ನುಡಿಸ್ತೀನಿ, ಟ್ಯೂನಿಂಗೂ ನಂದೇ. ಗುಂಪಲ್ಲಿ ಹದಿನಾರು ಜನ, ಕಂಡಕ್ಟರ್ ಇಲ್ಲ, ಪಿಚ್ 415 (ಎ ಸ್ವರ 415 ಹರ್ಟ್ಸ್, ಇವತ್ತಿನದಕ್ಕಿಂತ ಅರ್ಧ ಸ್ವರ ಕೆಳಗೆ). ಪ್ರೋಗ್ರಾಂ ಪೂರ್ತಿ ಭಾರದ್ದು, ಎಲ್ಲಾ 18ನೇ ಶತಮಾನದ ಇಟಾಲಿಯನ್ ಒಪೆರಾಗಳ ಆರಿಯಾ (ಒಬ್ಬರೇ ಹಾಡೋ ಹಾಡು): ಹ್ಯಾಂಡಲ್‌ನ ರಿನಾಲ್ಡೋದಿಂದ ವೆಂತಿ ತುರ್ಬಿನಿ, ಆರಿಯೋದಾಂತೆಯಿಂದ ಸ್ಕೆರ್ತ್ಸಾ ಇನ್ಫಿದಾ ಮತ್ತೆ ದೋಪೋ ನೊತ್ತೆ, ಪೊರ್ಪೊರಾನ ಆಲ್ತೋ ಜೋವೆ, ವಿಂಚಿಯ ಅರ್ತಸೆರ್ಸೆಯಿಂದ ವೋ ಸೊಲ್ಕಾಂದೋ, ಜನ ಬಿಡ್ಲಿಲ್ಲ ಅಂದ್ರೆ ಹ್ಯಾಂಡಲ್‌ನದೇ ಸೆರ್ಸೆಯಿಂದ ಕ್ರೂದೆ ಫೂರಿಯೆ. ನಿಕೊಲಿನಿ, ಕರೆಸ್ತೀನಿ, ಫರಿನೆಲ್ಲಿ, ಕಫರೆಲ್ಲಿ, ನಾಲ್ಕು ಕಾಸ್ತ್ರಾತೋಗಳಿಗೆ (ಎತ್ತರದ ಧ್ವನಿ ಉಳೀಲಿ ಅಂತ ಚಿಕ್ಕಂದಿನಲ್ಲೇ ವೃಷಣ ತೆಗೆಸಿದ ಗಾಯಕರು) ಅವರವರ ಗಂಟಲು ನೋಡ್ಕೊಂಡು ಬರೆದಿದ್ದನ್ನ ಒಬ್ಬರೇ ಒಂದು ಸಂಜೆ ಹಾಡೋದು. ಅದರ ಮೇಲೆ ಮಧ್ಯಾಹ್ನನೂ ಪೂರ್ತಿ ಗಂಟಲಲ್ಲಿ ಹಾಡಿಸೋದು ನನಗೆ ಯಾವತ್ತೂ ಸರಿ ಅನ್ನಿಸ್ತಿರ್ಲಿಲ್ಲ.

ಹಿಂದಿನ ಟೂರ್‌ಗಳಲ್ಲಿ ಆಗ್ತಿದ್ದಿದ್ದು ಇಷ್ಟೇ. ಮೂರನೇ ನಾಲ್ಕನೇ ಊರಿಗೆ ಫಾಲ್ಸೆಟೋ (ಆ ಎತ್ತರದ ತೆಳು ಧ್ವನಿ) ಮೊದಲು ಕೈಕೊಡತ್ತೆ. ಓಟದ ಜಾಗಗಳಲ್ಲಿ ಅಲ್ಲ, ಅದನ್ನ ಹೇಗೋ ದಾಟಿಸ್ಕೊಂಡು ಹೋಗ್ತಾರೆ, ತೊಂದರೆ ನಿಧಾನದ ಆರಿಯಾದಲ್ಲಿ, ಒಂದೇ ಸ್ವರ ಸಣ್ಣಗೆ ಶುರು ಮಾಡಿ ದೊಡ್ಡದು ಮಾಡಿ ಮತ್ತೆ ಸಣ್ಣಗೆ ಇಳಿಸ್ಬೇಕಲ್ಲ, ಅಲ್ಲಿ ಗಾಳಿ ಸೋರೋದು ಕೇಳ್ಸತ್ತೆ. ನಿಧಾನದ್ದು ಹಾಕಿದ್ರೆ ಗಂಟಲಿಗೆ ರೆಸ್ಟ್ ಅಂತ ಪ್ರೋಗ್ರಾಂ ಮಾಡೋರು ಆಲ್ತೋ ಜೋವೆ ಒಂದ್ಸಲ ಪೂರ್ತಿ ಹಾಡಿ ನೋಡ್ಲಿ. ಹಿಂದೊಂದ್ಸಲ ಒಂದು ಕನ್ಸರ್ಟ್ ಕ್ಯಾನ್ಸಲ್ ಆಗಿ ಏಳು ಸಾವಿರ ಯೂರೋ ಹತ್ರ ಹೋಯ್ತು, ಯಾಕಂದ್ರೆ ಹಾಡೋರು ಹಾಡ್ಲಿಲ್ಲ ಅಂತ ವಯೊಲಾದವ್ರಿಗೆ ದುಡ್ಡು ಕೊಡದೆ ಇರಕ್ಕಾಗಲ್ಲ, ಹೋಟೆಲ್ ಬುಕ್ ಆಗೋಗಿರತ್ತೆ.

ಈಗ ಓಬೋ ವಿಷಯ. ಓಬೋ ಪಾರ್ಟಲ್ಲಿ ಸ್ವರದ ಕೆಳಗೆ ಇಟಾಲಿಯನ್ ಸಾಹಿತ್ಯ ಪೂರ್ತಿ ಬರೆಸಿದ್ವಿ, ಸಿಂಗರ್ ಎಲ್ಲೆಲ್ಲಿ ಉಸಿರು ತಗೋತಾರೋ ಅಲ್ಲಿ ಕೆಂಪು ಪೆನ್ಸಿಲ್ ಗೆರೆ, ಆ ಗೆರೆ ಬಿಟ್ಟು ಬೇರೆ ಕಡೆ ಉಸಿರು ತಗೊಳ್ಳೋ ಹಾಗಿಲ್ಲ. ಸಿಂಗರ್ ತಮ್ಮ ಜಾಗದಲ್ಲೇ ನಿಂತು ಬಾಯಲ್ಲಿ ಪದ ಆಡಿಸ್ತಾರೆ, ಶಬ್ದ ಬರಲ್ಲ, ಉಸಿರು ಮಾತ್ರ ನಿಜವಾಗಿ ಎಳ್ಕೋತಾರೆ. ಕೊನೇಲಿ ಒಂದು ಎಂಟು ಹತ್ತು ಬಾರ್ (ತಾಳದ ಆವರ್ತ) ಪೂರ್ತಿ ಧ್ವನಿ, ಹಾಲ್ ಹೇಗಿದೆ ಅಂತ ನೋಡಕ್ಕೆ. ಎರಡನೇ ಓಬೋದವ್ರು ಆವಾಗ ಹಿಂದಿನ ಸಾಲಲ್ಲಿ ಕೂತು ಕೇಳ್ತಾರೆ. ಯಾವ ಎಂಟು ಬಾರ್ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದನ್ನ ಹುಡುಕಕ್ಕೆ ನಮಗೆ ಒಂದು ಸೀಸನ್ ಹಿಡೀತು.

ಮೊದಮೊದಲು ಇದು ಕೆಲಸ ಮಾಡ್ಲಿಲ್ಲ. ಓಬೋ ಎಲ್ಲಿ, ಕೌಂಟರ್‌ಟೆನರ್‌ನ ನಡು ಸ್ಥಾಯಿ ಎಲ್ಲಿ! ಮಧ್ಯಾಹ್ನ ಓಬೋ ಜೋರಿಗೆ ಹೊಂದ್ಕೊಂಡ ವಯಲಿನ್‌ಗಳು ಸಂಜೆ ಅದೇ ಜೋರಲ್ಲಿ ನುಡಿಸಿ ಹಾಡನ್ನ ಮುಚ್ಚಿಬಿಟ್ವು. ನೋಡಿದ್ರಾ ನಾವು ಹೇಳ್ಲಿಲ್ವಾ ಅಂತ ಶುರುವಾಯ್ತು. ಆಮೇಲೆ ಓಬೋದ ಬೆಲ್ (ಅಗಲವಾಗಿರೋ ಕೆಳಗಿನ ಬಾಯಿ) ಒಳಗೆ ಬಟ್ಟೆ ತುರುಕಿದ್ವಿ, ಹದಿನೆಂಟನೇ ಶತಮಾನದಲ್ಲೂ ಓಬೋ ಮ್ಯೂಟ್ ಮಾಡಕ್ಕೆ ಇದನ್ನ ಮಾಡ್ತಿದ್ರು, ಜೊತೆಗೆ ನುಡಿಸೋರು ಜನ ಕೂರೋ ಕಡೆಗೆ ಬೆನ್ನು ಹಾಕಿ ನಿಂತ್ರು. ಈಗ ಅದು ಕೇಳ್ಬೇಕು ಅಂದ್ರೆ ವಯಲಿನ್‌ನವ್ರು ಬಿಲ್ಲನ್ನ (ಕಮಾನು) ಹಗುರ ಮಾಡ್ಲೇಬೇಕು. ಜೊತೆಗೆ ಹಾಡು ಇರೋ ಕಡೆ ಮೊದಲ ಡೆಸ್ಕ್ (ಮುಂದಿನ ಸ್ಟ್ಯಾಂಡ್‌ನ ಜೋಡಿ) ಮಾತ್ರ, ಹಾಡಿಲ್ಲದ ಬರೀ ವಾದ್ಯದ ಭಾಗ ರಿತೊರ್ನೆಲ್ಲೋಗೆ ಎಲ್ರೂ. ಇವೆರಡು ಸೇರಿದ್ಮೇಲೆ ಬ್ಯಾಲೆನ್ಸ್ ಬಗ್ಗೆ ಯಾರೂ ಮಾತೆತ್ತಿಲ್ಲ.

ಇನ್ನು ದ ಕಾಪೋ, ಅಂದ್ರೆ ಆರಿಯಾದ ಮೊದಲ ಭಾಗವನ್ನ ಕೊನೇಲಿ ಮತ್ತೆ ಹಾಡೋದು. ಮರಳಿ ಬರೋ ಭಾಗದ ಅಲಂಕಾರಗಳನ್ನ ಆರ್ಕೆಸ್ಟ್ರಾ ಮಧ್ಯಾಹ್ನ ಕೇಳಿರಲ್ಲ, ಸಂಜೆ ಹೇಗೆ ಹಿಂದೆ ಹೋಗ್ತೀರಾ ಅಂತ ಎಲ್ರೂ ಕೇಳೋದು ಇದನ್ನೇ. ನಾನು ಚಿಕ್ಕವನಿದ್ದಾಗ ಮೈಸೂರಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲ್ತಿದ್ದೆ, ಆಲಾಪನೆಗೆ ಪಕ್ಕವಾದ್ಯದವ್ರು ರಿಹರ್ಸಲ್ ಮಾಡ್ಕೊಂಡು ಬರ್ತಾರಾ? ಕಿವಿ ಕೊಟ್ಟು ಹಿಂದೆ ಹೋಗ್ತಾರೆ. ನಮ್ಮ ಚೆಲ್ಲೋದವ್ರಿಗೆ ಹೇಳಿದ್ದೂ ಅದನ್ನೇ. ಕೇಡೆನ್ಸ್‌ಗೆ (ಹಾಡು ಬಂದು ನಿಲ್ಲೋ ಜಾಗ) ಹಿಂದಿನ ಒಂದು ಬಾರ್ ಮಾತ್ರ ಫಿಕ್ಸ್, ಮಿಕ್ಕಿದ್ದೆಲ್ಲ ಅವತ್ತಿನ ಮನಸ್ಸು. ಸಿಂಗರ್ ಹಾರ್ಪ್ಸಿಕಾರ್ಡ್‌ನ ಬಾಗಿದ ಬದಿಯ ಹತ್ರ, ಚೆಲ್ಲೋಗೆ ಒಂದು ಮೀಟರ್ ದೂರದಲ್ಲಿ ನಿಲ್ತಾರೆ, ಪಕ್ಕೆಲುಬು ಅಗಲ ಆಗೋದು ಚೆಲ್ಲೋಗೆ ಕಾಣ್ಬೇಕು. ಅದಕ್ಕೇ ಅವ್ರಿಗೆ ದೊಗಳೆ ಕೋಟ್ ಬೇಡ ಅಂತ ನಾನು ಹಟ ಹಿಡಿದಿದ್ದು.

ಹಾರ್ಪ್ಸಿಕಾರ್ಡ್ ಬಗ್ಗೆ ಬೇರೇನೇ ಜಗಳ ಆಯ್ತು. ಪ್ರತಿ ಊರಲ್ಲೂ ಬಾಡಿಗೆಗೆ ತಗೊಂಡ್ರೆ ಟ್ಯೂನರ್ ಸೇರಿ 500 - 600 ಯೂರೋ, ಅದೂ ಯಾವ ತರದ್ದು ಸಿಗತ್ತೋ ಗೊತ್ತಿಲ್ಲ. ನಮ್ಮದನ್ನೇ ವ್ಯಾನಲ್ಲಿ ಹಾಕ್ಕೊಂಡು ಹೋದ್ವಿ, ವ್ಯಾನ್ ಡೀಸೆಲ್ ಎಲ್ಲ ಸೇರಿ ಪೂರ್ತಿ ಟೂರ್‌ಗೆ 1,800 ಇರ್ಬೇಕು, ಸ್ವಿಟ್ಜರ್ಲೆಂಡ್ ಗಡಿಗೆ ಎಟಿಎ ಕಾರ್ನೆಟ್ (ವಾದ್ಯವನ್ನ ಸುಂಕ ಇಲ್ದೆ ಒಯ್ದು ವಾಪಸ್ ತರೋ ಕಸ್ಟಮ್ಸ್ ಪೇಪರ್) ಮಾಡಿಸಕ್ಕೆ ಇನ್ನೊಂದು ನಾನೂರೋ ಏನೋ. ವಯಲಿನ್‌ನ ಹಳೇ ಬಿಲ್ಲಿನ ತುದೀಲಿ ಆನೆ ದಂತ ಇದ್ರೆ ಸೈಟೀಸ್ (ಅಪಾಯದಲ್ಲಿರೋ ಪ್ರಾಣಿ, ಸಸ್ಯಗಳ ವ್ಯಾಪಾರದ ಒಪ್ಪಂದ) ಪೇಪರ್ ಇಲ್ದೆ ಗಡಿ ದಾಟಬೇಡಿ, ಅದನ್ನ ಮನೇಲೇ ಬಿಟ್ಟು ಬೇರೆ ಬಿಲ್ಲು ತನ್ನಿ.

ಊರೂರಿಗೆ ವಾದ್ಯ ಕರ್ಕೊಂಡು ಹೋದ್ರೆ ಶ್ರುತಿ ನಿಲ್ಲಲ್ಲ ಅಂದಿದ್ರು. ಶ್ರುತಿ ಕೆಡಿಸೋದು ಪ್ರಯಾಣಕ್ಕಿಂತ ಚರ್ಚಿನ ಹೀಟಿಂಗು. ಕನ್ಸರ್ಟ್‌ಗೆ ಎರಡು ಗಂಟೆ ಮುಂಚೆ ಹೀಟರ್ ಹಾಕ್ತಾರೆ, ತಂತಿ ಬಿಸಿಯಾಗಿ ತಕ್ಷಣ ಇಳಿಯತ್ತೆ, ಆಮೇಲೆ ನಿಧಾನಕ್ಕೆ ಸೌಂಡ್‌ಬೋರ್ಡ್ ಒಣಗಿ ಇನ್ನೂ ಇಳಿಯತ್ತೆ. ಬೆಳಗ್ಗೆಯಿಂದ ಹೀಟಿಂಗ್ ಇರ್ಬೇಕು, ಜನ ಒಳಗೆ ಬರೋ ಹೊತ್ತಿಗೆ ಆಫ್ ಆಗ್ಬೇಕು ಅಂತ ಕಾಂಟ್ರಾಕ್ಟಲ್ಲೇ ಬರೆಸಿದೆ. ಒಂದು ಕಡೆ ಒಪ್ಪಲಿಲ್ಲ, ಅಲ್ಲಿ ಇಂಟರ್ವಲ್‌ನಲ್ಲಿ ಪೂರ್ತಿ ಎಂಟು ಅಡಿ ಸಾಲು (ಮುಖ್ಯ ತಂತಿ ಸಾಲು) ಮತ್ತೆ ಟ್ಯೂನ್ ಮಾಡಿದೆ, ಇಪ್ಪತ್ತು ನಿಮಿಷದೊಳಗೆ ಮುಗಿಸಿದೆ, ಇದನ್ನ ಹೇಳ್ಕೊಳ್ಳಕ್ಕೆ ನಂಗೆ ಸಂಕೋಚ ಇಲ್ಲ. ಟೆಂಪರಮೆಂಟ್ (ಸ್ವರಗಳ ಅಂತರ ಹಂಚಿ ಶ್ರುತಿ ಮಾಡೋ ರೀತಿ) ವಲ್ಲೋಟಿ. ಕಾಲು ಕೊಮಾ ಮೀನ್‌ಟೋನ್ ಅನ್ನೋ ಇನ್ನೊಂದು ರೀತಿ ಒಂದು ರಿಹರ್ಸಲಲ್ಲಿ ಟ್ರೈ ಮಾಡಿದ್ವಿ, ಥರ್ಡ್‌ಗಳು (ಸ-ಗ ತರದ ಅಂತರ) ಎಷ್ಟು ಸಿಹಿ ಅಂದ್ರೆ ಥಿಯೋರ್ಬೋದವ್ರು (ಉದ್ದ ಕತ್ತಿನ ಲ್ಯೂಟ್) ಇದೇ ಇರ್ಲಿ ಅಂದ್ರು, ಆದ್ರೆ ಎ ಫ್ಲ್ಯಾಟ್ ಬಂದ ತಕ್ಷಣ ಕೇಳಕ್ಕಾಗಲ್ಲ, ಬಿಟ್ವಿ. ತಂತಿ ಮೀಟೋ ಡೆಲ್ರಿನ್ ಪ್ಲಾಸ್ಟಿಕ್ ತೆಗೆದು ಒಂದು ಸಾಲಿಗೆ ಕಾಗೆ ಗರಿ ಹಾಕಿದ್ದು ಮಾತ್ರ ಉಳ್ಕೊಂಡಿದೆ, ಧ್ವನಿ ಮೆತ್ತಗಾಗತ್ತೆ, ವಾರಕ್ಕೊಂದೆರಡು ಮುರಿಯತ್ತೆ, ಪರವಾಗಿಲ್ಲ.

ಇನ್ನೊಂದು ಪ್ರಯೋಗ. ಫರಿನೆಲ್ಲಿ 17ರ ವಯಸ್ಸಲ್ಲಿ ರೋಮ್‌ನಲ್ಲಿ ಟ್ರಂಪೆಟ್‌ನವ್ರ ಜೊತೆ ಪೈಪೋಟಿಗೆ ನಿಂತ ಕತೆ ಇದೆಯಲ್ಲ, ಅದನ್ನ ನಮ್ಮ ಓಬೋ ಮತ್ತೆ ಸಿಂಗರ್ ಎನ್ಕೋರಲ್ಲಿ (ಜನ ಕೇಳಿದಾಗ ಕೊನೇಲಿ ಹೆಚ್ಚಿಗೆ ಹಾಡೋದು) ಮಾಡಿ ನೋಡಿದ್ರು. ಮಧ್ಯಾಹ್ನವೆಲ್ಲ ಅವ್ರ ಸಾಲನ್ನೇ ನುಡಿಸಿದ ಓಬೋ ಅವ್ರ ಉಸಿರನ್ನ ಕಲ್ತುಬಿಟ್ಟಿತ್ತು, ಯಾರು ಎಲ್ಲಿ ಬಿಟ್ರು ಯಾರು ಹಿಡಿದ್ರು ಅಂತ ನನಗೇ ಗೊತ್ತಾಗ್ಲಿಲ್ಲ, ಜನ ಎದ್ದು ನಿಂತ್ರು.

ಹಾಡುಗಳ ಆರ್ಡರ್ ಬಗ್ಗೆ ಒಂದೇ ಮಾತು: ಎರಡು ಆರಿಯಾ ಆದ್ಮೇಲೆ ಹ್ಯಾಂಡಲ್‌ನ ಓಪಸ್ 6ರಿಂದ ಒಂದು ಕನ್ಚೆರ್ತೋ (ಬರೀ ವಾದ್ಯಗಳ ಕೃತಿ), ಹತ್ತು ನಿಮಿಷಕ್ಕಿಂತ ಕಮ್ಮಿ ಇರ್ಬಾರ್ದು. ಸ್ಕೆರ್ತ್ಸಾ ಇನ್ಫಿದಾ ಇಂಟರ್ವಲ್‌ಗೆ ಮುಂಚೆ, ದೋಪೋ ನೊತ್ತೆ ಕಡೇಲಿ.

ದುಡ್ಡು: ತಲೆಗೆ ಕನ್ಸರ್ಟಿಗೆ 250 ಯೂರೋ, ಸಿಂಗರ್‌ದು ಬೇರೆ, ಎಲ್ಲಾ ಸೇರಿ ಖರ್ಚು 60,000ದ ಹತ್ರ ಬಂತು, ಕೈಯಲ್ಲಿ ಎರಡೂವರೆ ಸಾವಿರ ಉಳೀತು, ಹಾರ್ಪ್ಸಿಕಾರ್ಡ್ ಬಾಡಿಗೆ ಕೊಟ್ಟಿದ್ರೆ ಅದೂ ಇರ್ತಿರ್ಲಿಲ್ಲ. ಒಂದು ಹಾಲ್‌ನವ್ರು ನಾಲ್ಕು ತಿಂಗಳು ಆಟ ಆಡಿಸಿ ಕೊಟ್ರು, ಅಲ್ಲೀವರೆಗೆ ನನ್ನ ಉಳಿತಾಯದಿಂದ ಎಲ್ರಿಗೂ ಕೊಟ್ಟೆ. ಈಗ ಅರ್ಧ ಅಡ್ವಾನ್ಸ್ ಬರ್ದೆ ವ್ಯಾನ್ ಬುಕ್ ಮಾಡಲ್ಲ. ಮುಂದಿನ ಸಲ ಹ್ಯಾಂಡಲ್‌ನ ಜೂಲಿಯೋ ಚೇಸರೆಯಿಂದ ವಾ ತಾಚಿತೋ ಸೇರಿಸ್ಬೇಕು ಅಂತಿದೀವಿ, ಅದಕ್ಕೆ ನ್ಯಾಚುರಲ್ ಹಾರ್ನ್‌ನವ್ರು (ವಾಲ್ವ್ ಇಲ್ಲದ ಹಳೇ ಕೊಂಬು) ಬೇಕು, ಒಬ್ಬರ ಹತ್ರ ಮಾತಾಗಿದೆ, ದುಡ್ಡಿನ ಲೆಕ್ಕ ಇನ್ನೂ ಕೂಡಿಲ್ಲ.