ಕಣ್ಣಿನ ಕೆಳಗಿನ ಕಪ್ಪಿಗೂ ಮೊಡವೆ ಕಲೆಗೂ ಕನ್ಸೀಲರ್: ನನ್ನ ಅನುಭವ

ಕಪ್ಪು, ಕಲೆ ಮುಚ್ಚುವ ಮೇಕಪ್ ಆದ ಕನ್ಸೀಲರ್ ಹಚ್ಚಿದ ಮೇಲೆ ಕಣ್ಣಿನ ಕೆಳಗೆ ಬೂದುಬಣ್ಣ ಕಾಣುತ್ತಿದೆ ಎಂದರೆ ಬಹುತೇಕ ಬಣ್ಣದ ಆಯ್ಕೆಯೇ ತಪ್ಪಿರುತ್ತದೆ. ಗೋಧಿ ಬಣ್ಣದ, ಅದಕ್ಕಿಂತ ಗಾಢ ಬಣ್ಣದ ಚರ್ಮದಲ್ಲಿ ಕಣ್ಣಿನ ಕೆಳಗಿನ ಕಪ್ಪಿಗೆ ಸಾಮಾನ್ಯವಾಗಿ ಕಂದು ಮತ್ತು ನೀಲಿ ಎರಡೂ ಬೆರೆತಿರುತ್ತವೆ. ಅದರ ಮೇಲೆ ನೇರವಾಗಿ ತಿಳಿ ಶೇಡ್ ಹಚ್ಚಿದರೆ ಒಳಗಿನ ನೀಲಿ ಇಣುಕಿ ಬೂದಾಗುತ್ತದೆ. ಮತ್ತೊಂದು ಪದರ ಹಾಕಿದರೂ ಬೂದು ಹೋಗುವುದಿಲ್ಲ, ಪದರ ದಪ್ಪವಾಗುತ್ತದೆ ಅಷ್ಟೇ. ಮೊದಲು ಬೇಕಾದದ್ದು ಕರೆಕ್ಟರ್, ಅಂದರೆ ಬೇಡದ ಬಣ್ಣವನ್ನು ಎದುರು ಬಣ್ಣದಿಂದ ತಗ್ಗಿಸುವ ಕ್ರೀಮ್. ತಿಳಿ ಮೈಬಣ್ಣಕ್ಕೆ ಪೀಚ್, ಗಾಢ ಮೈಬಣ್ಣಕ್ಕೆ ಕಿತ್ತಳೆ ನೀಲಿಯನ್ನು ಕೊಲ್ಲುತ್ತವೆ. ಕೆಂಪಗಿರುವ ಮೊಡವೆಗೆ ಹಸಿರು.

ಆದರೆ ಎಲ್ಲ ಕಪ್ಪೂ ಬಣ್ಣದ್ದಲ್ಲ. ಕಿಟಕಿಯ ಬೆಳಕಿಗೆ ಮುಖ ಮಾಡಿ, ಕನ್ನಡಿ ನೋಡುತ್ತಾ ಗದ್ದ ಮೇಲೆತ್ತಿ. ಕಪ್ಪು ತಟ್ಟನೆ ಕಡಿಮೆಯಾದರೆ ಅದು ಕಣ್ಣಿನ ಕೆಳಗಿನ ಗುಳಿಯ ನೆರಳು. ಅದಕ್ಕೆ ಕರೆಕ್ಟರ್ ಬೇಡ, ಗುಳಿಯ ಗೆರೆಯ ಮೇಲಷ್ಟೇ ಒಂದು ಶೇಡ್ ತಿಳಿ ಕನ್ಸೀಲರ್ ಎಳೆದರೆ ಸಾಕು. ಪಕ್ಕದ ಉಬ್ಬಿದ ಭಾಗಕ್ಕೆ ತಿಳಿ ಬಣ್ಣ ತಗುಲಿದರೆ ಉಬ್ಬು ಇನ್ನೂ ಎದ್ದು ಕಾಣುತ್ತದೆ.

ಶೇಡ್ ನೋಡುವಾಗ ಮುಂಗೈ ನಂಬಬೇಡಿ, ಅದರ ಬಣ್ಣ ಮುಖದ್ದಲ್ಲ. ಕೆನ್ನೆಯ ಕೆಳಭಾಗದಲ್ಲಿ ಒಂದು ಗೆರೆ ಎಳೆದು 10–15 ನಿಮಿಷ ಬಿಟ್ಟು ಹಗಲು ಬೆಳಕಿನಲ್ಲಿ ನೋಡಿ. ಕೆಲವು ಕನ್ಸೀಲರ್‌ಗಳು ಒಣಗಿದಂತೆ ಗಾಢವಾಗುತ್ತವೆ. ಕಲೆಗೆ ಬೇಕಿರುವುದು ಚರ್ಮದ್ದೇ ಬಣ್ಣ, ಕಣ್ಣಿನ ಕೆಳಗೆ ಹೆಚ್ಚೆಂದರೆ ಒಂದು ಶೇಡ್ ತಿಳಿ. ಕಲೆಗೆ ತಿಳಿ ಶೇಡ್ ಹಚ್ಚಿದರೆ ಅದನ್ನು ಬೆರಳಿಟ್ಟು ತೋರಿಸಿದ ಹಾಗಾಗುತ್ತದೆ.

ಹಚ್ಚುವ ಕ್ರಮದಲ್ಲಿ ನಾನು ಹೆಚ್ಚು ಸಮಯ ಕೊಡುವುದು ತಯಾರಿಗೆ. ಹಗುರ ಮಾಯಿಶ್ಚರೈಸರ್ ಹಚ್ಚಿ 5 ನಿಮಿಷ ಬಿಡುತ್ತೇನೆ, ಉಳಿದ ಜಿಡ್ಡನ್ನು ಟಿಶ್ಯೂ ಒತ್ತಿ ತೆಗೆಯುತ್ತೇನೆ. ಜಿಡ್ಡು ಉಳಿದರೆ ಕನ್ಸೀಲರ್ ನಿಲ್ಲದೆ ಜಾರುತ್ತದೆ. ಸನ್‌ಸ್ಕ್ರೀನ್ ಪೂರ್ತಿ ಕೂರುವ ಮೊದಲೇ ಮೇಲೆ ಉಜ್ಜಿದರೆ ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬರುತ್ತದೆ. ಕರೆಕ್ಟರ್ ಕಪ್ಪಿರುವಲ್ಲಿ ಮಾತ್ರ, ಚರ್ಮ ಕಾಣುವಷ್ಟು ತೆಳ್ಳಗೆ. ಅದರ ಮೇಲೆ ಮುಖಕ್ಕೆಲ್ಲ ಹಚ್ಚುವ ಫೌಂಡೇಶನ್ ಹಾಕುವುದಾದರೆ ಉಜ್ಜದೆ ತಟ್ಟಬೇಕು. ಫೌಂಡೇಶನ್ ಆದ ಮೇಲೆ ನೋಡಿದರೆ ಕನ್ಸೀಲರ್ ಬೇಕಾಗುವ ಜಾಗ ಅರ್ಧಕ್ಕಿಳಿದಿರುತ್ತದೆ.

ಒಂದು ಕಣ್ಣಿಗೆ ಕನ್ಸೀಲರ್‌ನ ಎರಡು ಚುಕ್ಕಿ, ಒಟ್ಟು ಅಕ್ಕಿ ಕಾಳಿನಷ್ಟು. ಒಂದು ಮೂಗಿನ ಪಕ್ಕದ ಮೂಲೆಗೆ, ಇನ್ನೊಂದು ಹೊರಮೂಲೆಯ ಕೆಳಗೆ. 30 ಸೆಕೆಂಡು ಹಾಗೇ ಬಿಟ್ಟರೆ ತುಸು ಗಟ್ಟಿಯಾಗಿ ಚೆನ್ನಾಗಿ ಮುಚ್ಚುತ್ತದೆ. ಆಮೇಲೆ ಉಂಗುರ ಬೆರಳಿನಿಂದಲೋ ನೀರು ಹಿಂಡಿದ ಒದ್ದೆ ಸ್ಪಂಜಿನಿಂದಲೋ ಅಂಚುಗಳನ್ನಷ್ಟೇ ತಟ್ಟಿ ಬೆರೆಸಿ. ಎಳೆದರೆ ಕರೆಕ್ಟರ್ ಕಿತ್ತು ಬರುತ್ತದೆ. ರೆಪ್ಪೆಗೂದಲಿನ ಬುಡದ ತನಕ ಹಚ್ಚಬೇಡಿ, ನಕ್ಕಾಗ ಹೆಚ್ಚು ಮಡಚುವುದು ಅದೇ ಜಾಗ.

ಕಣ್ಣಿನ ಕೆಳಗೆ ಕನ್ಸೀಲರ್ ಗೆರೆಗಟ್ಟದಿರಲಿ ಎಂದು ಎಲ್ಲರೂ ಪೌಡರ್ ಸುರಿಯುತ್ತಾರೆ. ಒಣ ಚರ್ಮದಲ್ಲಿ ಅದರಿಂದಲೇ ಬಿರುಕು ಹೆಚ್ಚುತ್ತದೆ. ನಾನು ಮಾಡುವುದು ಇಷ್ಟು: ಮೇಲೆ ನೋಡುತ್ತಾ, ಗೆರೆಯಲ್ಲಿ ಸೇರಿದ್ದನ್ನು ಬೆರಳಿನಿಂದ ತಟ್ಟಿ ಸಮ ಮಾಡಿ, ಆ ಕ್ಷಣವೇ ಚಿಕ್ಕ ಬ್ರಷ್‌ನಲ್ಲಿ ಚಿಟಿಕೆಗಿಂತ ಕಡಿಮೆ ಪೌಡರ್ ಒತ್ತುವುದು. ತಡವಾದರೆ ಗೆರೆಯ ಸಮೇತ ಕೂತುಬಿಡುತ್ತದೆ.

ಮೊಡವೆ ಕಲೆಗೆ ಕಣ್ಣಿನ ಕೆಳಗಿನ ನೀರು ನೀರಾದ ಕನ್ಸೀಲರ್ ಆಗಿಬರುವುದಿಲ್ಲ, ಹೊಳಪಿಲ್ಲದ ಗಟ್ಟಿ ಕ್ರೀಮ್ ಬೇಕು. ಮೊನಚು ಬ್ರಷ್‌ನಿಂದ ಕಲೆಯ ಮೇಲೆ ಮಾತ್ರ ಇಟ್ಟು, ನಡುವನ್ನು ಮುಟ್ಟದೆ ಸುತ್ತಲಿನ ಅಂಚು ಕರಗಿಸಿ ಪೌಡರ್ ಒತ್ತಿ. ಬಣ್ಣ ಮುಚ್ಚುತ್ತದೆ, ಉಬ್ಬು ಮುಚ್ಚುವುದಿಲ್ಲ. ಸಿಪ್ಪೆ ಎದ್ದ ಒಣ ಮೊಡವೆಯಾದರೆ ಮೊದಲು ಒಂದು ಹನಿ ಮಾಯಿಶ್ಚರೈಸರ್ ತಾಗಿಸಿ, ಇಲ್ಲದಿದ್ದರೆ ಕನ್ಸೀಲರ್ ಸಿಪ್ಪೆಗೇ ಅಂಟಿಕೊಳ್ಳುತ್ತದೆ.

ಟ್ಯೂಬಿನ ಕಡ್ಡಿಯನ್ನು ಹಸಿ ಮೊಡವೆಗೆ ತಾಗಿಸಿ ಮತ್ತೆ ಒಳಗೆ ಅದ್ದಬೇಡಿ. ಮುಂಗೈ ಮೇಲೆ ತೆಗೆದುಕೊಂಡು ಬ್ರಷ್‌ನಿಂದ ಹಚ್ಚಿ. ಪ್ಯಾಕ್ ಮೇಲೆ ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂ ಎಂದಿದ್ದರೆ ತೆರೆದ ದಿನದಿಂದ 12 ತಿಂಗಳು ಬಳಸಬಹುದು. ವಾಸನೆ ಬದಲಾದರೆ ಅಷ್ಟು ದಿನ ಕಾಯದೆ ಎಸೆಯಿರಿ.