ಸೈಟ್ ಹಾಕುವ ಮೊದಲು ನೀರಿಗೆ ಜಾಗ

ಹೊಸ ಲೇಔಟ್‌ನ ಕೆಲಸ ಬಂದರೆ, ನಕ್ಷೆ ಶುರು ಮಾಡುವ ಮೊದಲು ಆ ಜಾಗವನ್ನು ಮಳೆಯಲ್ಲಿ ನೋಡಿ ಬರುತ್ತೇನೆ. ಸರ್ವೆಯ ಲೆವೆಲ್‌ಗಳು ಬೇಕೇ ಬೇಕು. ಆದರೆ ಪಕ್ಕದ ಜಮೀನಿನ ನೀರು ಯಾವ ಮೂಲೆಯಿಂದ ಒಳಗೆ ನುಗ್ಗುತ್ತದೆ ಅನ್ನೋದು ಮಳೆ ಸುರಿಯುವಾಗಲೇ ಗೊತ್ತಾಗೋದು. ಬೇಸಿಗೆಯಾದರೆ ಬೇಲಿಗೆ ಸಿಕ್ಕಿಕೊಂಡ ಕಸ, ಗೋಡೆಯ ಮೇಲಿನ ಕೆಸರಿನ ಗೆರೆ ಹುಡುಕುತ್ತೇನೆ. ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಸೈಟ್ ಬೇಡ ಅಂತ ಮಾಲೀಕರಿಗೆ ಆಗಲೇ ಹೇಳಿಬಿಡುತ್ತೇನೆ.

ಲೆಕ್ಕ ಹಾಕಿ ತೋರಿಸಿದರೆ ಅವರು ಒಪ್ಪುತ್ತಾರೆ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಎಕರೆಗೆ 50 ಮಿಲಿಮೀಟರ್ ಬಿದ್ದರೆ ಸುಮಾರು 2 ಲಕ್ಷ ಲೀಟರ್. ಹುಲ್ಲುನೆಲದಲ್ಲಿ ಎಷ್ಟೋ ನೀರು ಇಂಗುತ್ತಿತ್ತು. ಚಾವಣಿ, ಕಾಂಕ್ರೀಟ್ ಬಂದ ಮೇಲೆ ಹೆಚ್ಚುಕಡಿಮೆ ಎಲ್ಲವೂ ಹರಿದುಹೋಗುತ್ತದೆ, ಅದೂ ಬಹಳ ಬೇಗ. ಆ ನೀರನ್ನು ಕೆಳಗಿನವರ ಮನೆಗೆ ದೂಡೋದು ಅನ್ಯಾಯ ಅಲ್ವಾ?

ಹಾಗಾಗಿ ತಗ್ಗಿನಲ್ಲಿ ಹೊಂಡ ಮಾಡಿ, ತೂಬಿನಿಂದ, ಅಂದರೆ ಬುಡದ ಚಿಕ್ಕ ಕಿಂಡಿಯಿಂದ, ನೀರನ್ನು ನಿಧಾನಕ್ಕೆ ಬಿಡುತ್ತೇನೆ. ತೂಬಿನ ಮೇಲಿನ ನೀರು ನಾಲ್ಕು ಪಟ್ಟು ಏರಿದರೂ ಅದರಿಂದ ಹೊರಬರುವ ಹರಿವು ಎರಡೇ ಪಟ್ಟಾಗುತ್ತದೆ. ಆದರೆ ಚಿಕ್ಕ ತೂತಿಗೆ ಎಲೆ, ಪ್ಲಾಸ್ಟಿಕ್ ಬೇಗ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಮುಂದೆ ಕಂಬಿಗಳನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಕೂರಿಸುತ್ತೇನೆ. ನೀರು ಏರಿದಂತೆ ಕಸ ಮೇಲಕ್ಕೆ ಜಾರುತ್ತದೆ, ಕೆಳಗೆ ದಾರಿ ಉಳಿಯುತ್ತದೆ. ಇಷ್ಟಾದರೂ ತೂಬು ಕಟ್ಟಿಕೊಳ್ಳಬಹುದು, ಆದ್ದರಿಂದ ಹೊಂಡ ತುಂಬಿದಾಗ ನೀರು ಮೇಲಿಂದ ಹೊರಹೋಗಲು ಕೋಡಿ ಇರಲೇಬೇಕು. ಕೋಡಿ ಬಿದ್ದ ನೀರು ರಸ್ತೆ ಮೇಲೆ ಹರಿಯಲಿ, ಮನೆಯೊಳಗೆ ಬರಬಾರದು. ರಸ್ತೆಯ ಮಟ್ಟ, ಮನೆಯ ನೆಲದ ಮಟ್ಟ ಎರಡನ್ನೂ ಆ ದಾರಿ ನೋಡಿಕೊಂಡೇ ಗೊತ್ತುಮಾಡುತ್ತೇನೆ.

ಇಂಗುಗುಂಡಿಯ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಗುಂಡಿ ತೋಡಿ, ನೀರು ತುಂಬಿ, ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಮೂರು ಸಲ ನೋಡುತ್ತೇನೆ. ಒಣಮಣ್ಣು ಮೊದಲ ಸಲ ಗಟಗಟ ಹೀರುತ್ತದೆ, ಅದನ್ನು ನಂಬಬಾರದು. ಮೂರರಲ್ಲಿ ಯಾವುದು ನಿಧಾನವೋ ಅದರ ಮೇಲೇ ಇಂಗುಗುಂಡಿಯ ಅಳತೆ. ಆಮೇಲೆ ಆ ಜಾಗಕ್ಕೆ ಬೇಲಿ, ಕೆಲಸ ಶುರುವಾದ ಮೊದಲ ದಿನವೇ. ಲಾರಿ, ಜೆಸಿಬಿ ಸುಮ್ನೆ ಅಲ್ಲಿ ಓಡಾಡಿದರೂ ಸಾಕು, ಮಣ್ಣು ಅದುಮಿಕೊಂಡು ನೀರು ಇಂಗೋದೇ ಇಲ್ಲ. ಕಟ್ಟಡದ ಕೆಲಸ ನಡೆಯುವಷ್ಟು ದಿನ ಮಳೆನೀರಿನ ಜೊತೆ ಕೆಸರೂ ಬರುತ್ತದೆ. ಅದನ್ನು ಬೇರೆ ಗುಂಡಿಯಲ್ಲಿ ತಡೆದು ಹೂಳು ತೆಗೆಸುತ್ತಿರುತ್ತೇನೆ. ರಸ್ತೆ ಮುಗಿದು, ಬರಿ ಮಣ್ಣಿದ್ದ ಕಡೆಯೆಲ್ಲ ಹುಲ್ಲು ಹಿಡಿಯುವ ತನಕ ಇಂಗುಗುಂಡಿಗೆ ಪೈಪ್ ಜೋಡಿಸಲು ಬಿಡುವುದಿಲ್ಲ.