ನಾಲೆಯ ಟರ್ಬೈನ್‌ಗೆ ವೇಗ ಸಿಕ್ಕಿದ್ದು ಹೀಗೆ

ದಾವಣಗೆರೆ ಹತ್ತಿರ ಭದ್ರಾ ನಾಲೆಯಲ್ಲಿ ಅನುಮತಿ ಪಡೆದು ಇಳಿಸಿದ್ದ ನಮ್ಮ ಪುಟ್ಟ ಟರ್ಬೈನ್ ಮಂದವಾಗಿ ತಿರುಗುತ್ತಿತ್ತು. ಬ್ಯಾಟರಿ ತುಂಬುತ್ತಲೇ ಇರಲಿಲ್ಲ. ಜನರೇಟರ್ ಚೆನ್ನಾಗಿಯೇ ಇತ್ತು. ಹಾಗಾಗಿ ನೀರಿನ ವೇಗ ಅಳೆದೆವು. 10 ಮೀಟರ್ ಗುರುತು ಹಾಕಿ ತೆಂಗಿನಕಾಯಿ ತೇಲಿಬಿಟ್ಟೆವು. ದಡದ ಬಳಿ ಸೆಕೆಂಡಿಗೆ 0.7 ಮೀಟರ್. ನಾಲೆ ಕಿರಿದಾಗುವ ಕಡೆ, ನಟ್ಟನಡುವೆ 1.4. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು! ಇದೇ ಇಡೀ ಲೆಕ್ಕದ ಜೀವಾಳ. 1 ಚದರ ಮೀಟರ್ ರೋಟರ್‌ಗೆ (ನೀರು ತಿರುಗಿಸುವ ರೆಕ್ಕೆಗಳ ಚಕ್ರಕ್ಕೆ), ಶೇ 30 ದಕ್ಷತೆ ಹಿಡಿದರೆ, ದಡದಲ್ಲಿ ಸುಮಾರು 50 ವ್ಯಾಟ್, ನಡುವೆ 400.

ಟರ್ಬೈನನ್ನು ಅಲ್ಲಿಗೆ ಸಾಗಿಸಿ ಉಕ್ಕಿನ ಹಗ್ಗದಿಂದ ಬಿಗಿದೆವು. ಆಮೇಲೆ ಕಳೆ ಸುತ್ತಿಕೊಳ್ಳತೊಡಗಿತು. ಅದನ್ನು ತಡೆಯಲು ಟರ್ಬೈನ್ ಎದುರಿಗೆ ಕಬ್ಬಿಣದ ಸರಳುಗಳನ್ನು ಓರೆಯಾಗಿ ನಿಲ್ಲಿಸಿದೆವು. ನೆಟ್ಟಗೆ ನಿಲ್ಲಿಸಿದರೆ ಕಸ ಅಲ್ಲೇ ಕಚ್ಚಿಕೊಳ್ಳುತ್ತದೆ, ಅಲ್ವಾ? ಈಗ ಬ್ಯಾಟರಿ ತುಂಬುತ್ತಿದೆ. ನಾಲೆ ನೀರು ನಿಲ್ಲಿಸುವ ದಿನಗಳಿಗೆ ಸೋಲಾರ್ ಜೋಡಿಸಿದ್ದೇವೆ.